ಆ ಗಿಡ ಈಗೂ ಐತೇನ್ರಿ ಸರ್

ಮುಂದಿನ ಸೀಟಿನವನ ಕುತ್ತಿಗೆಗೆ ಬಳಿದ ಪೌಡರು ಬೆವರಿಗೆ ಗೆರೆಗೆರೆಯಾಗಿ ಒಡೆದಿದೆ, ಬೆಳಿಗ್ಗೆ ಹತ್ತಕ್ಕೇ ಹೀಗೆ, ಕಮಲಾಪುರ ಮುಟ್ಟುವಷ್ಟರಲ್ಲಿ ಹಿಟ್ಟಿನ ಮುದ್ದೆಯಾಗುತ್ತಾನೆ, ಮೇಲೆ ಫೋನಿನಲ್ಲಿ ಕೂಗಾಟ, ತಾಜಸುಲ್ತಾನಪುರ ದಾಟಾಕತ್ತೀನಿ, ಹಾಂ, ಈಗ ದಾಟಾಕತ್ತೀನಿ — ಚಂದ್ರನ ಮೇಲೆ ಇಳಿದವನೂ ಇಷ್ಟು ಜೋರಾಗಿ ಹೇಳಿರಲಿಕ್ಕಿಲ್ಲ. ಹೋದ ತಿಂಗಳು ಸಿಂಹಳದ ಪ್ರವಾಸದಲ್ಲಿ, ಅನುರಾಧಪುರದಲ್ಲೂ ಇಂಥವರೇ, ಇಪ್ಪತ್ತೆರಡು ಮಂದಿ, ಕಲಬುರಗಿಯಿಂದ ಕಟಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಸಮುದ್ರ ದಾಟಿದವರು, ಎರಡು ಸಾವಿರ ವರ್ಷದ ಬಿಳಿ ಸ್ತೂಪದೆದುರು ನಿಂತು ಇಲ್ಲಿ ಚಹಾ ಎಲ್ಲಿ ಸಿಗತೈತ್ರಿ ಎಂದವರು. ನಮ್ಮನ್ನು ಕರೆದೊಯ್ದ ಖಮರುದ್ದೀನ್ ಕೊಡೆಯ ತುದಿಗೆ ಕೆಂಪು ಕರವಸ್ತ್ರ ಕಟ್ಟಿ ಎತ್ತಿ ಹಿಡಿದು, ಚಲೋ ಚಲೋ, ಜಲ್ದಿ ಬರ್ರಿ, ಒಂದಕ್ಕ ಊಟ ಐತಿ — ಬುದ್ಧನಿಗೆ ನಲವತ್ತು ನಿಮಿಷ, ಊಟಕ್ಕೆ ಒಂದೂವರೆ ತಾಸು. ಮೊದಲ ದಿನವೇ ಬಸ್ಸಿನಲ್ಲಿ ನನ್ನನ್ನು ಎಬ್ಬಿಸಿ ನಿಲ್ಲಿಸಿದ್ದ, ಇವರು ಅಣವೀರಪ್ಪ ಸರ್, ಮೂವತ್ತೊಂದು ವರ್ಷ ಕಮಲಾಪುರದಾಗ ಹಿಸ್ಟರಿ ಹೇಳ್ಯಾರ, ಏನ್ ಬೇಕಾದ್ರೂ ಇವರನ್ನ ಕೇಳ್ರಿ. ಐದು ದಿನದಲ್ಲಿ ಒಬ್ಬನು ಕೇಳಿದ, ಸರ್, ಇಲ್ಲಿ ಸಂಡಾಸ ಯಾವ ಕಡೆ?

ಮೂವತ್ತೊಂದು ವರ್ಷ ಇದೇ ರಸ್ತೆ, ಇದೇ ಬಸ್ಸು, ಬೆಳಿಗ್ಗೆ ಕಲಬುರಗಿಯಿಂದ ಕಮಲಾಪುರ, ಸಂಜೆ ವಾಪಸು, ನಡುವೆ ಅಶೋಕ, ಅಕ್ಬರ್, ಬಹಮನಿ, ಕಪ್ಪು ಹಲಗೆ, ಕೂತಲ್ಲೇ ತೂಕಡಿಸುವ ಹುಡುಗರು — ಈಗ ನಿವೃತ್ತನಾಗಿ ಆರು ವರ್ಷಕ್ಕೆ ಮತ್ತೆ ಯಾಕೆ ಕೂತಿದ್ದೇನೆ, ತೊಡೆಯ ಮೇಲೊಂದು ಲಕೋಟೆ ಇಟ್ಟುಕೊಂಡು. ಲಲಿತಾಬಾಯಿ ಬೆಳಿಗ್ಗೆ ಹೇಳಿಯೂ ಹೇಳಿದಳು, ಫೋಟೋನ ವಾಟ್ಸ್ಯಾಪಿನ್ಯಾಗ ಒಗೀರಿ, ಅದಕ್ಕ ಅಷ್ಟು ದೂರ ಹೋಗ್ತೀರೇನು? ಕೆಂಪು ಬಾಳೆಹಣ್ಣು ತರಬೇಕು ಎಂದೆ. ನಲವತ್ತು ವರ್ಷ ಸಂಸಾರ ಮಾಡಿದವಳಿಗೆ ನನ್ನ ಸುಳ್ಳಿನ ಬಣ್ಣ ಗೊತ್ತು, ಸೇಡಂ ರಸ್ತ್ಯಾಗೂ ಸಿಗತಾವ್ರಿ ಅವು ಎಂದಷ್ಟೇ ಅಂದು ಒಳಗೆ ಹೋದಳು. ಅದೇ ಸೇಡಂ ರಸ್ತೆಯಲ್ಲಿ ಫೋಟೋ ಪ್ರಿಂಟ್ ಹಾಕಿದ ಮಹಾಶಯ ಹೆಮ್ಮೆಯಿಂದ ಹೇಳಿದ್ದ, ಅಮ್ಮನ ಮುಖ ಸ್ವಲ್ಪ ಬೆಳ್ಳಗ ಮಾಡೇನ್ರಿ ಸರ್. ಕಂಪ್ಯೂಟರಿನಲ್ಲಿ ಭಾಗಮ್ಮ ಸುಣ್ಣ ಹಚ್ಚಿದ ಗೋಡೆಯಂತಿದ್ದಳು. ಇದ್ದಂಗ ಹಾಕು ಎಂದೆ, ದಡ್ಡ, ಮುಖ ಗಂಟು ಹಾಕಿಕೊಂಡ.

ಭಾಗಮ್ಮ — ಕಮಲಾಪುರದ ಸಂತೆಯಲ್ಲಿ ಕೆಂಪು ಬಾಳೆಹಣ್ಣು ಮಾರುವವಳು, ಅರವತ್ತೈದು ದಾಟಿದ್ದಾಳೆ, ಪ್ರವಾಸಕ್ಕೆಂದೇ ಹೊಸ ಬಿಳಿ ಸೀರೆ, ಮಡಿಕೆಯ ಗೆರೆ ಇನ್ನೂ ಹಾಗೇ ಇತ್ತು, ಮೂರು ದಿನ ನಾನು ಅವಳ ಕಡೆ ಕತ್ತು ತಿರುಗಿಸಿಯೂ ನೋಡಿರಲಿಲ್ಲ, ಇವಳಿಗೇನು ತಿಳಿಯುತ್ತದೆ ಅನುರಾಧಪುರ, ಎಂದೇ. ಚಪ್ಪಲಿ ಬಿಟ್ಟು ಬೋಧಿವೃಕ್ಷದ ಅಂಗಳ ಹೊಕ್ಕೆವು, ಕಾದ ಮರಳು, ಅಂಗಾಲು ಚುರ್ ಎನ್ನುತ್ತಿದೆ, ನಮ್ಮವರು ಕುಣಿಯುತ್ತ ಕುಣಿಯುತ್ತ ಸೆಲ್ಫಿ ತೆಗೆದುಕೊಳ್ಳುತ್ತಿದ್ದಾರೆ, ಸುತ್ತ ಬಿಳಿ ಬಟ್ಟೆಯ ಆ ದೇಶದ ಜನ ನೆಲಕ್ಕೆ ಕೂತು ಸುಮ್ಮನೆ ಮೇಲೆ ನೋಡುತ್ತಿದ್ದಾರೆ, ಎಲೆ ಉದುರಲೆಂದು. ನಾನೂ ನೋಡಿದೆ. ಇಷ್ಟೇನಾ? ಚಿನ್ನದ ಬಣ್ಣದ ಊರುಗೋಲು ಕೊಟ್ಟು ನಿಲ್ಲಿಸಿದ ಒಂದು ಸಪೂರ ಕೊಂಬೆ, ನಮ್ಮ ಶಾಲೆಯ ಹಿಂದಿನ ಅರಳಿಮರ ಇದಕ್ಕಿಂತ ದಪ್ಪ. ಅಶೋಕನ ಮಗಳು ಸಂಘಮಿತ್ರೆ ಬೋಧಿಯ ಸಸಿಯನ್ನು ಸಿಂಹಳಕ್ಕೆ ಕೊಂಡೊಯ್ದಳು — ಪಠ್ಯದಲ್ಲಿ ಅದು ಒಂದೂವರೆ ಸಾಲು, ಪರೀಕ್ಷೆಯಲ್ಲಿ ಒಂದು ಅಂಕ, ಬಿಟ್ಟ ಸ್ಥಳ ತುಂಬಿರಿ.

ಆಗ ಪಕ್ಕದಲ್ಲಿ ಅವಳ ದನಿ. ಸರ್, ಇದೇ ಏನ್ರಿ ಆ ಗಿಡ, ಅಶೋಕನ ಮಗಳು ತಂದಿದ್ದು? ಹೌದು, ಅದೇ ಅಂತಾರ. ಖರೇ ಐತೇನ್ರಿ? ಐತಲ್ಲವ್ವ, ಕಣ್ಮುಂದ ನಿಂತೈತಿ, ಕಾಣವಲ್ದೇನು? — ತರಗತಿಯ ನನ್ನ ಹಳೇ ದನಿ, ಇನ್ನೂ ಚೂಪಾಗಿದೆ, ಒಳಗೊಳಗೇ ಖುಷಿಯಾಯಿತು. ಹಂಗಾರ ಒಂದು ಫೋಟೋ ಹೊಡೀರಿ ಸರ್, ನನ್ನ ಮಗಳು ಸೂಗಮ್ಮಗ ತೋರಸ್ಬೇಕು, ಎಂಟನೇ ಕ್ಲಾಸಿನ್ಯಾಗ ಆಕಿ ನಿಮ್ಮನ್ನ ಕೇಳಿದ್ಲು, ಆ ಗಿಡ ಈಗೂ ಐತೇನ್ರಿ ಸರ್ ಅಂತ, ನೀವಂದ್ರಿ, ನಿನಗ್ಯಾಕ ಬೇಕದು, ನೀ ನಾಳೆ ಸಂತ್ಯಾಗ ಬಾಳೆಹಣ್ಣು ಮಾರಾಕಿ. ಎಲ್ಲಾ ಹುಡುಗ್ರು ನಕ್ಕುಬಿಟ್ರಂತ. ಮರುದಿನದಿಂದ ಸಾಲಿ ಬಿಟ್ಲು ನೋಡ್ರಿ, ನಾ ಎಷ್ಟು ಬಡಿದ್ರೂ ಹೋಗ್ಲಿಲ್ಲ. ಬಸ್ಸಿನ ವೇಳೆ ಹೇಳಿದಂತೆ ಹೇಳಿದಳು, ಸಿಟ್ಟಿಲ್ಲ, ಕಣ್ಣೀರಿಲ್ಲ, ಬೈದಿದ್ದರೆ ತಿರುಗಿ ಬೈಯಬಹುದಿತ್ತು. ನನಗ ನೆನಪಿಲ್ಲವ್ವ ಎಂದೆ. ನಿಮಗ ಹೆಂಗ ನೆನಪಿರತೈತ್ರಿ, ಎಷ್ಟು ಸಾವಿರ ಹುಡುಗ್ರು, ಎಂದು ನನ್ನ ಪರವಾಗಿ ತಾನೇ ವಾದಿಸಿ, ಸೆರಗು ಸರಿಮಾಡಿಕೊಂಡು ಕಟಕಟೆಯ ಪಕ್ಕ ನೆಟ್ಟಗೆ ನಿಂತಳು. ಫೋಟೋ ಹೊಡೆದೆ. ಮೊದಲನೆಯದರಲ್ಲಿ ಗಿಡ ಬರಲಿಲ್ಲ, ಇನ್ನೊಂದು ಹೊಡೆದೆ.

ನೆನಪಿಲ್ಲ, ಖರೇ ನೆನಪಿಲ್ಲ, ಆ ಹುಡುಗಿಯ ಮುಖ, ಜಡೆ, ಕೂತ ಸಾಲು, ಏನೂ ಇಲ್ಲ, ಆದರೆ ಮಾತು ನನ್ನದೇ, ಅದರ ನಡಿಗೆಯೇ ಹೇಳುತ್ತದೆ, ಮೊದಲು ನಿನಗ್ಯಾಕ, ಆಮೇಲೆ ಕುಟುಕು, ಸ್ಟಾಫ್ ರೂಮಿನಲ್ಲಿ ಇದಕ್ಕೇ ನನಗೆ ಹೆಸರು, ಅಣವೀರಪ್ಪ ಸರ್ ಬಾಯಿ ತೆಗೆದ್ರ ನಗಿ ತಡಿಯಾಕ ಆಗಂಗಿಲ್ಲ. ಇಂಥವು ದಿನಕ್ಕೆ ಎಷ್ಟು ಉದುರಿಸಿದೆನೋ. ಇನ್ನೂ ಹೊಲಸು ಸಂಗತಿ ಬೇರೆ ಇದೆ, ಯಾರಿಗೂ ಹೇಳಿಲ್ಲ, ಲಲಿತಾಬಾಯಿಗೂ — ಆ ಮರ ಇನ್ನೂ ಇದೆಯೋ ಇಲ್ಲವೋ ನನಗೆ ಗೊತ್ತೇ ಇರಲಿಲ್ಲ. ಪುಸ್ತಕದಲ್ಲಿ ಕೊಂಡೊಯ್ದಳು ಎಂದಿತ್ತು, ಆಮೇಲೆ ಏನಾಯಿತು ಎಂದಿರಲಿಲ್ಲ. ಗೊತ್ತಿಲ್ಲವ್ವ, ನೋಡಿ ಹೇಳ್ತೇನಿ, ಇಷ್ಟೇ ಅನ್ನಬೇಕಿತ್ತು. ಮೂವತ್ತೊಂದು ವರ್ಷದಲ್ಲಿ ಕೇಳಬೇಕಾದದ್ದನ್ನು ಕೇಳಿದವಳು ಬಹುಶಃ ಅವಳೊಬ್ಬಳೇ.

ಸಂತೆ, ಇಳಿದೆ, ಸೊಪ್ಪಿನ ಕೊಳಕು ನೀರು, ಧೂಳು, ಒಬ್ಬರ ಮೈಮೇಲೆ ಒಬ್ಬರು, ಇದನ್ನು ಊರು ಎನ್ನುತ್ತಾರೆ. ಕೆಂಪು ಗೊನೆಗಳ ಸಾಲಿನಲ್ಲಿ ಬಳೆ ಮಾರುವ ಮಸ್ತಾನಬಿಯನ್ನು ಕೇಳಿದೆ, ಭಾಗಮ್ಮ ಎಲ್ಲಿ? ಅವಳು ಪಕ್ಕಕ್ಕೆ ಕೂಗಿದಳು, ಏ ಸೂಗಮ್ಮಾ, ನಿಮ್ಮವ್ವನ್ನ ಕೇಳ್ಕೊಂತ ಯಾರೋ ಬಂದಾರ ನೋಡ. ಹಣ್ಣಿನ ರಾಶಿಯ ಹಿಂದೆ ನಲವತ್ತರ ಹತ್ತಿರದ ಹೆಂಗಸು, ಕನ್ನಡಕ, ತೊಡೆಯ ಮೇಲೆ ತೆರೆದ ದಪ್ಪ ಪುಸ್ತಕ, ಕೈಯಲ್ಲಿ ಪೆನ್ಸಿಲ್, ತುಟಿ ಅಲುಗುತ್ತಿದೆ, ಪುಟದ ಅಂಚಿನಲ್ಲಿ ತಲೆಕೆಳಗಾಗಿ ನನಗೆ ಕಂಡಿತು, ಬಿ.ಎ., ಪ್ರಾಚೀನ ಭಾರತದ ಇತಿಹಾಸ. ತಲೆ ಎತ್ತಿದಳು. ನನ್ನ ಮುಖ ನೋಡಿದಳು. ಅಂಗೈ ತಟ್ಟನೆ ಪುಸ್ತಕದ ಮೇಲೆ ಬಿತ್ತು, ಬೆರಳು ಅಗಲಿಸಿ, ಅಕ್ಷರ ಮುಚ್ಚುವ ಹಾಗೆ.

ಅವ್ವನ ಮೊಣಕಾಲು ಬ್ಯಾನಿ ಆಗ್ಯಾವ್ರಿ ಸರ್, ಮನ್ಯಾಗ ಅದಾಳ. ಲಕೋಟೆ ಕೊಟ್ಟೆ, ಎಡಗೈಯಲ್ಲೇ ತೆಗೆದಳು, ಬಹಳ ಹೊತ್ತು ನೋಡಿದಳು, ಅವ್ವನನ್ನಲ್ಲ, ಅವ್ವನ ಹಿಂದಿನ ಕೊಂಬೆಯನ್ನು. ಐತಿ ಹಂಗಾರ, ಎಂದಳು, ನನಗಲ್ಲ. ಹೇಳಬೇಕಿತ್ತು, ಓದ್ತೀಯೇನವ್ವ, ಯಾವಾಗ ಪರೀಕ್ಷೆ, ತಪ್ಪಾಯ್ತವ್ವ, ಏನಾದರೂ, ಎಂಥ ಹೇಡಿ, ನನ್ನ ಬಾಯಿಂದ ಬಂದದ್ದು — ಒಂದು ಡಜನ್ ಕೊಡು. ಕೊಡ್ತೇನ್ರಿ ಸರ್. ಕೊಡಲು ಎರಡೂ ಕೈ ಬೇಕು, ಬಲಗೈ ಎತ್ತುತ್ತಿಲ್ಲ, ನಾನು ಹಣ್ಣಿನ ಕಡೆ ನೋಡುವವರೆಗೆ ಎತ್ತುವುದಿಲ್ಲ, ನೋಡುತ್ತಿದ್ದೇನೆ, ಹಣ್ಣಿನ ಕಡೆ, ಕಣ್ಣು ಮತ್ತೆ ಅಲ್ಲಿಗೇ, ಅಂಗೈ, ಪುಸ್ತಕದ ಮೇಲೆ, ಮಸಿ ಮೆತ್ತಿದ ಉಗುರು, ಅಗಲಿಸಿದ ಬೆರಳು, ನನ್ನಿಂದ ಮುಚ್ಚಿದ ಪುಟ, ಅಂಗೈ —