ಅಧ್ಯಕ್ಷರು ಬಿಟ್ಟುಕೊಟ್ಟ ಕಾರು

ಹಾಸನದಲ್ಲಿ ಟಿವಿಯವರ ಮುಂದೆ ಮೋಹನ್‌ಕುಮಾರ್ ಕೈಮುಗಿದು ಹೇಳಿದರು: ಕೊರೊನಾದಿಂದ ಸರ್ಕಾರದ ಬೊಕ್ಕಸ ಬರಿದಾಗಿದೆ, ಮಂಡಳಿಯ ಅಧ್ಯಕ್ಷನಾಗಿ ಅರ್ಧ ಸಂಬಳ ಬಿಟ್ಟಿದ್ದೇನೆ, ಸರ್ಕಾರಿ ಕಾರನ್ನೂ ಇವತ್ತೇ ವಾಪಸ್ ಕೊಡುತ್ತೇನೆ. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ಆ ಕಾರಿನ ಡ್ರೈವರ್ ನಟರಾಜುವೂ ತಟ್ಟಿದ. ಆಮೇಲೆ ಹೊಳೆಯಿತು, ಕೈ ನಿಂತಿತು.

ಆಫೀಸಿನ ಮ್ಯಾನೇಜರ್ ಗಿರಿಧರನನ್ನು ಮೂಲೆಗೆ ಕರೆದು ಕೇಳಿದ. "ಕಾರು ಓಯ್ತು, ಸರಿ ಸಾ. ನನ್ ಕತೆ?"

"ನೀನು ಗುತ್ತಿಗೆಯವನಪ್ಪ. ಕಾರಿಲ್ಲ ಅಂದ್ಮೇಲೆ ಡ್ರೈವರ್ ಯಾಕೆ?"

"ಸಂಬಳ ಬಿಟ್ಟೋರು ಅವರಲ್ವಾ ಸಾ?"

"ಅವರದ್ದು ಅರ್ಧ, ನಿಂದು ಪೂರ್ತಿ. ತ್ಯಾಗದಲ್ಲಿ ನೀನೇ ದೊಡ್ಡೋನು, ಹೋಗು," ಎಂದು ಗಿರಿಧರ ನಕ್ಕ.

ಕೀ ಒಪ್ಪಿಸಿ ನಟರಾಜು ಚನ್ನರಾಯಪಟ್ಟಣದ ಬಸ್ಸು ಹತ್ತಿದ. ಹೆಂಡತಿ ಮಾಯಮ್ಮನಿಗೆ ಏನು ಹೇಳುವುದೆಂದು ಯೋಚಿಸುತ್ತಿರುವಾಗಲೇ ಅಧ್ಯಕ್ಷರ ಫೋನು ಬಂತು.

"ನಾಳೆ ಬಾರ್ಲಾ. ಬಸವೇಶನ ಇನ್ನೋವಾ ಐತೆ, ನೀನೇ ಓಡ್ಸು. ಸಂಬಳ ಅವನೇ ಕೊಡ್ತಾನೆ."

ಬಸವೇಶ ಮಂಡಳಿಯ ಗೋದಾಮು ಕಟ್ಟುವ ಕಂಟ್ರಾಕ್ಟರು. ಅವನ ಬಿಲ್ಲುಗಳಿಗೆ ಸಹಿ ಹಾಕುವವರು ಅಧ್ಯಕ್ಷರು. ಸುಮ್ಮನೆ ಯಾರೂ ಕಾರು ಕೊಡುವುದಿಲ್ಲ ಎಂಬುದು ನಟರಾಜುವಿಗೆ ಗೊತ್ತಿತ್ತು. ಆದರೂ ಹೋದ.

ಮರುದಿನ ಸಭೆಗೆ ಹೊರಟಾಗ, ಅರಕಲಗೂಡು ಹತ್ತಿರವಾಗುತ್ತಿದ್ದಂತೆ ಅಧ್ಯಕ್ಷರು ಇಳಿದು ಆಟೋ ಹತ್ತಿದರು. ಜನ ನೋಡುವಂತೆ ಆಟೋದಲ್ಲೇ ಹೋಗಬೇಕಂತೆ. ನಟರಾಜು ಇನ್ನೋವಾವನ್ನು ಹುಣಸೆಮರದ ಮರೆಗೆ ನಿಲ್ಲಿಸಿಕೊಂಡ. ಪರಿಚಯದ ವರದಿಗಾರ ವಿಶ್ವಾಸ್ ಬೈಕಿನಲ್ಲಿ ಬಂದವನು ಮಾಸ್ಕು ಕೆಳಗಿಳಿಸಿ ಗಾಡಿಯ ಸುತ್ತ ಒಂದು ಸುತ್ತು ಹಾಕಿದ.

"ಯಾರ್ ಗಾಡಿ ನಟರಾಜಣ್ಣ?"

ಬಸವೇಶನ ಹೆಸರು ಹೇಳಿದರೆ ಸಂಜೆಗೆ ಕೆಲಸವಿಲ್ಲ. "ನಂದೇ ಕಣಪ್ಪ."

"ಕೆಲ್ಸ ಕಳ್ಕೊಂಡೋನು ಇನ್ನೋವಾ ತಗೊಂಡ್ಯಾ?"

"ಸೆಕೆಂಡ್ ಹ್ಯಾಂಡು."

ವಿಶ್ವಾಸ್ ನಂಬಲಿಲ್ಲ. ನಂಬರ್ ಪ್ಲೇಟಿನ ಫೋಟೊ ತೆಗೆದುಕೊಂಡು ಹೋದ.

ವಾಪಸ್ ಬರುವಾಗ ನಟರಾಜು ನಡೆದದ್ದನ್ನು ಹೇಳಿ ಬೈಗುಳಕ್ಕೆ ಕಾದ. ಅಧ್ಯಕ್ಷರು ಬಸವೇಶನೊಂದಿಗೆ ಫೋನಿನಲ್ಲಿ ಮೆಲ್ಲಗೆ ಮಾತಾಡಿದರು. ಆಮೇಲೆ ಹಿಂದಿನಿಂದ ಇವನ ಹೆಗಲು ತಟ್ಟಿದರು.

"ಒಳ್ಳೆ ಕೆಲ್ಸ ಮಾಡ್ದೆ ಕಣ್ಲಾ. ನಿಂದು ಅಂದ್ಮೇಲೆ ನಿನ್ ಹೆಸರಿಗೇ ಮಾಡ್ಸಿಬಿಡೋಣ. ಇನ್ನೂ ಎರಡು ಲಾರಿ ಅವೆ, ಅವೂ ನಿನ್ ಹೆಸರಲ್ಲೇ ಇರ್ಲಿ."

"ನಾಳೆ ಯಾರಾದ್ರೂ ಬಂದು ಕೇಳುದ್ರೆ ಸಾ?"

"ಇವತ್ತು ಹೇಳಿದ್ಯಲ್ಲ, ಅಂಗೇ ಹೇಳು. ಆಧಾರ್ ಕಾರ್ಡ್ ಇಟ್ಕಂಡಿದ್ದೀಯಾ?"

ಕಾರ್ಡು ಅಂಗಿಯ ಜೇಬಿನಲ್ಲೇ ಇತ್ತು. "ಮನೇಲೈತೆ ಸಾ."

"ಅದಕ್ಕೇನಂತೆ, ಸೀದಾ ನಿಮ್ಮನೆಗೇ ಬಿಡು. ಮಾಯಮ್ಮನ ಕೈಲಿ ಕಾಫಿ ಕುಡ್ದಂಗೂ ಆಯ್ತದೆ."

ಇಷ್ಟು ವರ್ಷದಲ್ಲಿ ಅಧ್ಯಕ್ಷರು ನಟರಾಜುವಿನ ಕೇರಿಯೊಳಗೆ ಕಾಲಿಟ್ಟವರಲ್ಲ. ಅವನ ಮನೆಯ ನೀರನ್ನೂ ಮುಟ್ಟಿದವರಲ್ಲ.

ಹೊಳೆನರಸೀಪುರದ ಬಸ್‌ಸ್ಟ್ಯಾಂಡ್ ಎದುರು ಅವನು ಗಾಡಿ ನಿಲ್ಲಿಸಿದ. ಕೀಯನ್ನು ಸೀಟಿನ ಮೇಲಿಟ್ಟು ಇಳಿದ.

"ಯಾಕ್ಲಾ? ಎಲ್ಲಿಗೋ?"

"ಬಸ್ಸಲ್ ಓಯ್ತೀನಿ ಸಾ."

"ಲೇ, ನನಗೆ ಓಡ್ಸಕ್ ಬರಲ್ಲ ಕಣೋ!"

ಬಸ್ಸಿಗೆ ಕಾಯುತ್ತಿದ್ದ ಜನ ಆಗಲೇ ಕಾರಿನ ಗಾಜಿಗೆ ಬಗ್ಗಿ, ಒಳಗಿರುವವರು ಯಾರೆಂದು ನೋಡತೊಡಗಿದ್ದರು.