ಬೀದಿಗೆ ಮುಖ ಮಾಡಿದ ಚಪ್ಪಲಿಗಳು

ಯಾರ ಮನೆಗೆ ಹೋದರೂ ಓಂಕಾರಮೂರ್ತಿ ಹೊಸ್ತಿಲಾಚೆ ಬಿಟ್ಟ ಚಪ್ಪಲಿಗಳನ್ನು ಬಗ್ಗಿ ಬೀದಿಯ ಕಡೆಗೆ ತಿರುಗಿಸಿಟ್ಟೇ ಒಳಗೆ ಕಾಲಿಡುತ್ತಿದ್ದ. ಹೊರಡುವುದೇ ಖಂಡಿತ, ಕೂರುವುದು ಅನುಮಾನ ಎಂಬಂತೆ. ಎಂಬತ್ತೊಂದರ ಬೇಸಿಗೆಯಲ್ಲಿ ವಿಶ್ವವಿದ್ಯಾನಿಲಯದಿಂದ ಸಂಶೋಧನೆಗೆಂದು ತರೀಕೆರೆಯ ನಮ್ಮ ಸೇವಾಸಂಘಕ್ಕೆ ಬಂದವನು ಅವನು. ತೋಳು ಗಿಡ್ಡವಾದ ಕೋಟು, ಹೆಗಲಿಗೆ ಖಾದಿ ಚೀಲ, ಎದುರಾದವರಿಗೆಲ್ಲ ದಾರಿ ಬಿಟ್ಟುಕೊಡುವ ಓರೆ ನಡಿಗೆ. ನಾನು ಸಂಘದ ಕಾರ್ಯದರ್ಶಿ. ಅಜ್ಜಂಪುರದ ಸುತ್ತಿನ ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ಶಾಲೆ ಬಿಡುವುದೇಕೆಂದು ಮನೆಮನೆಗೆ ಹೋಗಿ ಕೇಳುವುದು ಅವನ ಕೆಲಸ. ಜನ ಹೇಳದ ಉತ್ತರವನ್ನು ತಾನಾಗಿ ಎಂದೂ ಬರೆದುಕೊಂಡವನಲ್ಲ. "ಗೊತ್ತಿಲ್ದಿದ್ರೆ ಖಾಲಿ ಬಿಡ್ಬೇಕು ಸಾರ್" ಎನ್ನುತ್ತಿದ್ದ. ಈ ಮೊಂಡುತನಕ್ಕೆ ನನಗೆ ಒಮ್ಮೊಮ್ಮೆ ಮೈಯುರಿಯುತ್ತಿತ್ತು.

ಓದಿದ ಹುಡುಗನೊಬ್ಬ ಮನೆಗೆ ಬಂದು ಮಗಳ ವಯಸ್ಸು, ಓದು, ಮನೆಗೆಲಸವನ್ನೆಲ್ಲ ವಿಚಾರಿಸಿದರೆ ನಮ್ಮ ಕಡೆಯವರು ಏನೆಂದುಕೊಳ್ಳುತ್ತಾರೆ? ಕಲ್ಲಮ್ಮ ಎಂಬ ತಾಯಿ ಹೆಣ್ಣು ನೋಡಲು ಬಂದಿದ್ದಾನೆಂದೇ ತಿಳಿದು, ಉಪ್ಪಿಟ್ಟು ಮಾಡಿ, ಮಗಳು ವಿಮಲಳ ಕೈಯಲ್ಲಿ ಕಾಫಿ ಕಳಿಸಿ, ಬಾಗಿಲವರೆಗೂ ಬಂದು ಕೇಳಿದಳು: "ದೊಡ್ಡೋರ್ನ ಯಾವಾಗ ಕರ್ಕಂಡ್ ಬತ್ತೀಯಪ್ಪಾ?"

ಅವನು ಅವಳನ್ನು ತಿದ್ದಲಿಲ್ಲ. ಹುಡುಗಿ ಮನಸ್ಸಿಗೆ ಬಂದಿದ್ದಳು. ಆದರೆ ಮಠದ ಉಚಿತ ಹಾಸ್ಟೆಲಿನಲ್ಲಿ ಬೆಳೆದ ಅನಾಥನಿಗೆ ದೊಡ್ಡವರೆಲ್ಲಿ? ಸಂಜೆ ಸಂಘದ ಬಾಗಿಲಲ್ಲಿ ನಿಂತು, ನೆಲ ನೋಡುತ್ತ, "ಸಾರ್, ನೀವು ಬರ್ತೀರಾ?" ಎಂದ. ಆಗಲಿ ಎಂದೆ.

ಹೋದೆವು. ಅಂದು ಅವನು ಚಪ್ಪಲಿಗಳನ್ನು ತಿರುಗಿಸುವುದನ್ನೇ ಮರೆತ. ವಿಮಲಳ ತಂದೆ ಮಲ್ಲಿಕಾರ್ಜುನಪ್ಪ ಚಾಪೆ ಹಾಸಿ ಕೂರಿಸಿ, ನನ್ನನ್ನು ತೋರಿಸಿ ಅವನನ್ನು ಕೇಳಿದರು: "ಇವ್ರು ನಿಮ್ಗೇನಾಗ್ಬೇಕು?"

ಸೋದರಮಾವ ಎನ್ನಲು ನಾನು ಬಾಯಿ ತೆರೆದೇಬಿಟ್ಟಿದ್ದೆ. ಅಷ್ಟರಲ್ಲಿ ಅವನೇ ಮೆಲ್ಲಗೆ, "ಏನೂ ಆಗ್ಬೇಕಿಲ್ಲ. ಸಂಘದ ಕಾರ್ಯದರ್ಶಿಗಳು. ನಂಗೆ ಯಾರೂ ಇಲ್ಲ" ಎಂದ.

"ಯೋಚ್ನೆ ಮಾಡಿ ಹೇಳಿ ಕಳಿಸ್ತೀವಿ ಕಣಪ್ಪ" ಎಂದರು ಮಲ್ಲಿಕಾರ್ಜುನಪ್ಪ. ಕಾಫಿ ಬಂತು, ತಂದವಳು ಕಲ್ಲಮ್ಮ. ಹಿಂದಿರುಗುವಾಗ ಬಸ್ಸಿನಲ್ಲಿ, ಒಂದು ಗಳಿಗೆ ಸುಮ್ಮನಿರಬಾರದಿತ್ತೇ ಎಂದು ಗದರಿದೆ.

"ಆಮೇಲೆ ಆ ಹುಡ್ಗಿಗೆ ಏನ್ ಹೇಳ್ಲಿ ಸಾರ್?" ಎಂದ ಅವನು.

ಯಾರೂ ಹೇಳಿ ಕಳಿಸಲಿಲ್ಲ. ಕೆಲಸ ಮುಗಿಸಿ ಬೀರೂರಿನಲ್ಲಿ ರೈಲು ಹತ್ತಿದವನು ಮತ್ತೆ ಈ ಕಡೆ ಬರಲಿಲ್ಲ.

ಪರರ ಮನೆಯ ಸುಖದುಃಖ ಕೇಳುತ್ತ ಊರೂರು ಅಲೆಯುವವರ ಪಂಗಡವೊಂದಿದೆ. ಎಲ್ಲ ಮನೆಗಳ ಒಳಗೂ ಅವರಿಗೆ ಗೊತ್ತು, ಅವರ ವಿಚಾರ ಮಾತ್ರ ಯಾರೂ ಕೇಳುವುದಿಲ್ಲ. ಜನ್ಮಕ್ಕೊಮ್ಮೆ ಯಾರಾದರೂ ತಿರುಗಿ ಕೇಳಿದರೆ, ಸುಳ್ಳು ಹೇಳಿ ಒಳಗುಳಿಯುವುದು ಅವರಿಂದಾಗದು; ನಿಜ ಹೇಳಿ, ಎದ್ದು, ಚಪ್ಪಲಿ ಮೆಟ್ಟುತ್ತಾರೆ.