ಸೇವಕಿಯ ಪಾಲಿನ ಮಾತು

ಆನ್ಸೆಲ್ಮ್ ಪುಟ್ಟ ಸಲಿಕೆಯಲ್ಲಿ ಮಣ್ಣೆತ್ತಿ ಗುಂಡಿಯೊಳಗೆ ಸುರಿದ. ಶವಪೆಟ್ಟಿಗೆಯ ಮೇಲೆ ಅದು ಬಿದ್ದ ಸದ್ದು ಕೇಳಿಸಿತು; ಎದೆಯೊಳಗೆ ಏನೂ ಆಗಲಿಲ್ಲ. ಹಿಂದೆ ನಿಂತವರನ್ನು ಎಣಿಸಿದ. ಏಳು ಮಂದಿ.

ಸತ್ತವಳು ಗೆರ್ಲಿಂಡೆ. ಜರ್ಮನಿಯ ಹಾಲೆ ನಗರದ ವಿಶ್ವವಿದ್ಯಾಲಯದಲ್ಲಿ ಹದಿನೇಳು ವರ್ಷ ಅವನೆದುರಿನ ಮೇಜಿನಲ್ಲಿ ಕೂತವಳು. ಎಲ್ಲರೂ ಮರೆತ ಹಳೆಯ ಜರ್ಮನ್ ನಾಟಕಗಳನ್ನು ಕಂಪ್ಯೂಟರಿಗೆ ಏರಿಸಿ, ಯಾವ ಮಾತು ಯಾವ ಪಾತ್ರದ್ದೆಂದು ಗುರುತು ಹಾಕುವುದು ಅವಳ ಕೆಲಸ. ಆ ಗುರುತುಗಳನ್ನು ಎಣಿಸಿ ಅಂಕಿಅಂಶ ತೆಗೆಯುವುದು ಅವನದು.

ಸ್ಮಶಾನದೆದುರಿನ ಹೋಟೆಲಿನಲ್ಲಿ ಎಲ್ಲರೂ ಕಾಫಿಗೆ ಸೇರಿದರು. ಗೆರ್ಲಿಂಡೆಯ ಅಕ್ಕ ರೋಸ್ವಿಟಾ ಅವನ ಪಕ್ಕ ಬಂದು ಕೂತಳು.

"ಅವಳು ಅಲ್ಲಿ ಮಾಡ್ತಿದ್ದದ್ದಾದ್ರೂ ಏನಪ್ಪಾ? ಕೇಳಿದ್ರೆ ಟೈಪ್ ಮಾಡ್ತೀನಿ ಅನ್ನೋಳು, ಅಷ್ಟೆ."

"ನಾನೂರ ಹನ್ನೆರಡು ನಾಟಕ ಮುಗಿಸಿದ್ರು."

"ಎಷ್ಟು ಅಂತ ನಾನು ಕೇಳ್ಲಿಲ್ಲ."

*

ಕೆಲವು ವರ್ಷಗಳ ಹಿಂದೆ, ಒಂದು ನವೆಂಬರಿನಲ್ಲಿ, ಯಾವ ಪಾತ್ರಕ್ಕೆ ಎಷ್ಟು ಮಾತೆಂದು ತೋರುವ ನಕ್ಷೆಯನ್ನು ಅವನು ಪರದೆಯ ಮೇಲೆ ಗೆರ್ಲಿಂಡೆಗೆ ತೋರಿಸಿದ್ದ. ಸೇವಕಿಯರ ಪಾಲಿಗೆ ನೂರಕ್ಕೆ ಎರಡು ಮಾತೂ ಇರಲಿಲ್ಲ. ಒಂದು ನಾಟಕದ ಚುಕ್ಕೆ ಮಾತ್ರ ಮೇಲೆಲ್ಲೋ ಒಂಟಿಯಾಗಿತ್ತು.

"ಇಲ್ಲಿ ಗುರುತು ಅದಲುಬದಲು ಮಾಡಿದೀರಿ. ಈ ನಾಟಕಾನ ಲೆಕ್ಕದಿಂದ ತೆಗೆದುಬಿಡ್ತೀನಿ."

ಅವಳು ಕನ್ನಡಕ ತೆಗೆದಳು. "ತಪ್ಪಾಗಿಲ್ಲ. ಕೊನೇ ಅಂಕ ಪೂರ್ತಿ ಆ ಸೇವಕೀದೇ. ಒಂದ್ಸಲ ಓದಿ ನೋಡಿ."

"ಓದೋಕೆ ಪುರುಸೊತ್ತೆಲ್ಲಿ? ನಾನು ಎಣಿಸೋನು."

ತೆಗೆದೇಬಿಟ್ಟ. ಪ್ರಬಂಧ ಅಚ್ಚಾಯಿತು, ಹೊಗಳಿಕೆಯೂ ಬಂತು. ಅವಳು ಮತ್ತೆಂದೂ ಆ ಮಾತೆತ್ತಲಿಲ್ಲ.

*

"ಒಂದು ನಾಟಕದ ವಿಷ್ಯದಲ್ಲಿ ಅವರು ಹೇಳಿದ್ದೇ ಸರಿ," ಎಂದ ರೋಸ್ವಿಟಾಗೆ. "ಸಾವಿನ ಸುದ್ದಿ ಬಂದ್ಮೇಲೆ ಅದನ್ನ ಓದ್ದೆ."

"ಹೇಗಿದೆ?"

ಅವನು ಕೋಟಿನ ಜೇಬಿನಿಂದ ಆ ಕೊನೆಯ ಅಂಕದ ಹಾಳೆಗಳನ್ನು ತೆಗೆದು ಮೇಜಿನ ಮೇಲಿಟ್ಟ.

"ಹಾಗಾದ್ರೆ ಓದು."

"ಇಲ್ಲೇನಾ?"

"ಪಾದ್ರಿ ಅವಳ ಹೆಸರನ್ನೇ ತಪ್ಪು ಹೇಳ್ದ. ಇನ್ನು ಕೆಡೋಕೆ ಏನುಳಿದಿದೆ?"

ಅವನು ಎದ್ದು ನಿಂತು, ಅಂಕಿಗಳನ್ನು ಓದುವಂತೆ ಏರಿಳಿತವಿಲ್ಲದೆ ಓದತೊಡಗಿದ:

"ಇಪ್ಪತ್ತು ವರ್ಷ ಈ ಮನೆ ಬಾಗಿಲು ತೆಗೆದೋಳು ನಾನು. ಒಬ್ಬರಾದ್ರೂ ನನ್ನ ಮುಖ ನೋಡ್ಲಿಲ್ಲ. ಇವತ್ತು ಚಿಲಕ ಹಾಕಿದೀನಿ. ಯಾರೂ ಏಳ್ಬೇಡಿ. ನಾನಿನ್ನೂ ಶುರುನೇ ಮಾಡಿಲ್ಲ..."

ಚಮಚಗಳ ಸದ್ದು ನಿಂತಿತು. ರೋಸ್ವಿಟಾ ಕಣ್ಣು ಮುಚ್ಚಿಕೊಂಡಳು. ಅವನ ದನಿ ಹಾಗೆಯೇ ಸಪಾಟಾಗಿ ಮುಂದುವರಿಯಿತು.

ಕೇಕಿನ ತಟ್ಟೆ ಹಿಡಿದು ಬಂದ ಪರಿಚಾರಿಕೆ ನಡುದಾರಿಯಲ್ಲೇ ನಿಂತಳು. ಒಳಗೆ ಪಾತ್ರೆ ತೊಳೆಯುತ್ತಿದ್ದವಳು ಅಡುಗೆಮನೆಯ ಬಾಗಿಲಿಗೆ ಬಂದು ಒರಗಿದಳು. ಅವಳ ಮೊಣಕೈಯಿಂದ ನೊರೆ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಆಚೆ ಯಾರೋ ಗಿರಾಕಿ ಗಲ್ಲಾದ ಮೇಲಿನ ಗಂಟೆ ಬಾರಿಸಿದ, ಮತ್ತೊಮ್ಮೆ ಬಾರಿಸಿದ. ಆ ಹೆಂಗಸರಿಬ್ಬರೂ ಕದಲಲಿಲ್ಲ.